ಸತ್ತ ದೇವರುಗಳ ಪರವಾಗಿ ಸುಳ್ಳು ಸಾಕ್ಷಿ ಯಾಕೆ?

ಡಿಸೆಂಬರ್ ಬಂತು ಅಂದ್ರೆ ನನ್ನ ಮೊಬೈಲಿಗೆ ಒಂದು ಫಾರ್ವರ್ಡು ಬಂದೇ ಬರುತ್ತೆ. ನಿಮಗೂ ಬಂದಿರುತ್ತೆ, ಅನುಮಾನವೇ ಬೇಡ. ಮಿತ್ರ ಅನ್ನೋ ದೇವರು ಡಿಸೆಂಬರ್ 25ಕ್ಕೆ ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದನಂತೆ, ಅವನಿಗೆ ಹನ್ನೆರಡು ಜನ ಶಿಷ್ಯರಂತೆ, ಸತ್ತು ಮೂರನೇ ದಿನ ಎದ್ದನಂತೆ. ಈಜಿಪ್ಟಿನ ಹೋರಸ್‌ನ ಕಥೆಯೂ ಡಿಟ್ಟೋ ಅಂತೆ. ಆಮೇಲೆ ಕಾನ್‌ಸ್ಟಂಟೈನ್ ಅನ್ನೋ ಚಕ್ರವರ್ತಿ 325ರಲ್ಲಿ ನಿಸಿಯಾ ಅನ್ನೋ ಊರಲ್ಲಿ ಮೀಟಿಂಗ್ ಕರೆದು, ಇದನ್ನೆಲ್ಲಾ ಕಟ್-ಪೇಸ್ಟ್ ಮಾಡಿ ಬೈಬಲ್ ತಯಾರು ಮಾಡಿಸಿದನಂತೆ. ಕೊನೆಗೆ ಎಂದಿನಂತೆ "ಹತ್ತು ಜನಕ್ಕೆ ಕಳಿಸಿ".

ಫಾರ್ವರ್ಡು ಬರಲಿ ಬಿಡಿ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳೋದಿಲ್ಲ. ಆದರೆ ಈ ಸಲ ನಾನು ಇಷ್ಟಪಟ್ಟು ಓದುವ ಬ್ಲಾಗಿಗರೊಬ್ಬರೇ (ಹೆಸರು ಬೇಡ) ಇದನ್ನ ಮೂರು ಕಂತಲ್ಲಿ ಬರೆದ್ರು. ಕೆಳಗೆ ನಲವತ್ತು ಚಿಲ್ಲರೆ ಜನ "ಕಣ್ಣು ತೆರೆಸಿದಿರಿ ಸಾರ್" ಅಂತ ಕೈ ಮುಗಿದ್ರು. ನಾನು ಎರಡು ಸಾಲು ತಕರಾರು ಬರೆದೆ. ಬಂದ ಉತ್ತರ ಏನು ಗೊತ್ತಾ? "ನೀವು ಯಾರ ಕಡೆ?"

ಹೇಳಿಬಿಡ್ತೀನಿ. ನಾನು ಪೇಗನ್ನರ ಕಡೆ. ಅದಕ್ಕೇ ನನಗೆ ಸಿಟ್ಟು ಬಂದಿರೋದು.

ಮೂರ್ನಾಲ್ಕು ವರ್ಷದಿಂದ ಮೆಟ್ರೋದಲ್ಲಿ ಹೋಗ್ತಾ ಬರ್ತಾ ನಾನು ಓದ್ತಿರೋದು ಇದೊಂದೇ. ಕ್ರಿ.ಶ. ಸುಮಾರು 100ರಿಂದ 550ರವರೆಗಿನ ರೋಮನ್ ಸಾಮ್ರಾಜ್ಯ, ಅಲ್ಲಿನ ಹಳೇ ದೇವರುಗಳು, ಅವರ ಜಾಗಕ್ಕೆ ಬಂದ ಹೊಸ ದೇವರು. ಇಂಜಿನಿಯರಿಂಗ್ ಓದಿದವನಿಗೆ ಇದೆಲ್ಲಾ ಯಾಕಪ್ಪಾ ಅಂತ ಮನೆಯಲ್ಲೂ ಕೇಳ್ತಾರೆ, ಟೀಮಲ್ಲೂ ಕೇಳ್ತಾರೆ. ಸಾವಿರ ವರ್ಷ ನಡೆದುಕೊಂಡು ಬಂದ ಪೂಜೆ-ಪುನಸ್ಕಾರ ಒಂದು ಇನ್ನೂರು ವರ್ಷದೊಳಗೆ ಹೇಗೆ ನಿಂತುಹೋಗುತ್ತೆ ಅನ್ನೋದಕ್ಕಿಂತ ಕುತೂಹಲದ ವಿಷಯ ನನಗಂತೂ ಬೇರೆ ಸಿಕ್ಕಿಲ್ಲ. ಇರ್ಲಿ.

ಮೊದಲು ಫಾರ್ವರ್ಡಿನ ಕಥೆ ಮುಗಿಸೋಣ, ಅದಕ್ಕೆ ಜಾಸ್ತಿ ಜಾಗ ಕೊಡೋದು ದಂಡ. ರೋಮನ್ನರು ಪೂಜಿಸ್ತಿದ್ದ ಮಿಥ್ರಾಸ್ (ನಮ್ಮ ಋಗ್ವೇದದ ಮಿತ್ರನಿಗೆ ಹೆಸರಿನಲ್ಲಿ ನೆಂಟ) ಹುಟ್ಟಿದ್ದು ಬಂಡೆಯಿಂದ. ಶಿಲ್ಪಗಳಲ್ಲಿ ಕಲ್ಲಿನಿಂದ ಮೇಲೇಳ್ತಿರ್ತಾನೆ, ಒಂದು ಕೈಯಲ್ಲಿ ಕಠಾರಿ, ಇನ್ನೊಂದರಲ್ಲಿ ಪಂಜು. ಕನ್ಯೆ ಬಿಡಿ, ತಾಯಿಯೇ ಇಲ್ಲ. ಅವನು ಸಾಯೋದೂ ಇಲ್ಲ, ಸಾಯಿಸೋದು ಹೋರಿಯನ್ನ. ಆ ಶಿಲ್ಪಗಳ ಸುತ್ತ ಕೆತ್ತಿರೋ ಹನ್ನೆರಡು ರಾಶಿಚಿಹ್ನೆಗಳನ್ನ ನೋಡಿ ಯಾರೋ "ಹನ್ನೆರಡು ಶಿಷ್ಯರು" ಅಂದುಬಿಟ್ರು. ಮಿಥ್ರಾಸ್ ಡಿಸೆಂಬರ್ 25ಕ್ಕೆ ಹುಟ್ಟಿದ ಅಂತ ಹೇಳುವ ಪ್ರಾಚೀನ ಗ್ರಂಥ ಒಂದೂ ಇಲ್ಲ. ಇನ್ನು ಹೋರಸ್: ಗಂಡ ಒಸಿರಿಸ್ ಸತ್ತ ಮೇಲೆ ಅವನ ದೇಹವನ್ನ ಒಟ್ಟುಮಾಡಿ ಐಸಿಸ್ ಗರ್ಭ ಧರಿಸಿದ ಕಥೆ ಅದು. ಅದರಲ್ಲಿ ಶಿಲುಬೆ ಎಲ್ಲಿಂದ ಬರುತ್ತೆ? 2007ರ ಝೈಟ್‌ಗೈಸ್ಟ್ ಅನ್ನೋ ಇಂಟರ್ನೆಟ್ ಸಿನಿಮಾದಿಂದ ಬಂತು, ಇಲ್ಲೂ ಇಳೀತು.

ಡಿಸೆಂಬರ್ 25ರದ್ದು ಮಾತ್ರ ಸ್ವಲ್ಪ ಮಜವಾದ ವಿಷಯ. ಆರೇಲಿಯನ್ ಚಕ್ರವರ್ತಿ 274ರಲ್ಲಿ ರೋಮಿನಲ್ಲಿ ಅಜೇಯ ಸೂರ್ಯನಿಗೆ ದೊಡ್ಡ ಗುಡಿ ಕಟ್ಟಿಸಿದ್ದು ನಿಜ. ಆದರೆ ಡಿಸೆಂಬರ್ 25ಕ್ಕೆ "ಅಜೇಯನ ಜನ್ಮದಿನ, ಮೂವತ್ತು ರಥದ ಓಟ" ಅಂತ ಬರೆದಿರೋ ಮೊದಲ ದಾಖಲೆ 354ರ ಒಂದು ರೋಮನ್ ಪಂಚಾಂಗ. ಅದೇ ಸಂಕಲನದ ಇನ್ನೊಂದು ಪಟ್ಟಿಯಲ್ಲಿ ಕ್ರಿಸ್ತ ಹುಟ್ಟಿದ್ದೂ ಆವತ್ತೇ ಅಂತ ಇದೆ, ಆ ಪಟ್ಟಿಯ ಮೂಲ 336ರದ್ದು ಅಂತ ವಿದ್ವಾಂಸರ ಲೆಕ್ಕ. ಅಂದ್ರೆ ಎರಡೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಕ್ರೈಸ್ತರು ಸೂರ್ಯನ ಹಬ್ಬವನ್ನ ತಮ್ಮದಾಗಿಸಿಕೊಂಡ್ರು ಅನ್ನೋ ಪಕ್ಷ ಇದೆ. ಮಾರ್ಚ್ 25ಕ್ಕೆ ಗರ್ಭಧಾರಣೆ ಅಂತ ಇಟ್ಟುಕೊಂಡು ಒಂಬತ್ತು ತಿಂಗಳು ಎಣಿಸಿದ್ರು ಅನ್ನೋ ಪಕ್ಷವೂ ಇದೆ. ಇಬ್ಬರೂ ಓದಿಕೊಂಡವರೇ, ಜಗಳ ಇನ್ನೂ ಮುಗಿದಿಲ್ಲ. ಮುಗಿಯದ ಜಗಳಕ್ಕೆ "ಕಳ್ಳತನ ಸಾಬೀತು" ಅಂತ ತೀರ್ಪು ಬರೆಯೋದಕ್ಕೆ ನಾವ್ಯಾರು?

ನಿಸಿಯಾ ಒಂದು ಉಳೀತು. ಅಲ್ಲಿ ಚರ್ಚೆಯಾಗಿದ್ದು ಏರಿಯಸ್‌ನ ವಾದ, ಈಸ್ಟರ್ ದಿನ ಲೆಕ್ಕ ಹಾಕೋದು ಹೇಗೆ ಅನ್ನೋದು, ಮತ್ತೆ ಪಾದ್ರಿಗಳ ನಡವಳಿಕೆಯ ಇಪ್ಪತ್ತು ನಿಯಮ. ಬೈಬಲ್ಲಿನ ಪಟ್ಟಿ ಅಜೆಂಡಾದಲ್ಲೇ ಇರಲಿಲ್ಲ. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳ ಪಟ್ಟಿ ಮೊದಲು ಕಾಣೋದು 367ರಲ್ಲಿ, ಅಥನೇಸಿಯಸ್ ಅನ್ನೋ ಅಲೆಕ್ಸಾಂಡ್ರಿಯಾದ ಬಿಷಪ್ ಬರೆದ ಒಂದು ಪತ್ರದಲ್ಲಿ. 2003ರ ಡಾ ವಿಂಚಿ ಕೋಡ್ ಕಾದಂಬರಿಯನ್ನ ಕಾದಂಬರಿ ಅಂತಲೇ ಓದೋಣ, ಚೆನ್ನಾಗಿದೆ.

ಈಗ ನನ್ನ ಸಿಟ್ಟಿಗೆ ಬರ್ತೀನಿ.

ಪೋರ್ಫಿರಿ ಅಂತ ಒಬ್ಬ ತತ್ತ್ವಜ್ಞಾನಿ ಇದ್ದ. ಈಗಿನ ಲೆಬನಾನಿನ ಟೈರ್ ಊರಿನವನು, ಸುಮಾರು 234ರಲ್ಲಿ ಹುಟ್ಟಿದ. ಪ್ಲೊಟೈನಸ್‌ನ ಶಿಷ್ಯ. ಕ್ರೈಸ್ತರ ವಿರುದ್ಧ ದೊಡ್ಡ ಗ್ರಂಥ ಬರೆದ, ಹದಿನೈದು ಭಾಗ ಅಂತಾರೆ. ಅವನು "ನಿಮ್ಮ ದೇವರು ನಮ್ಮ ದೇವರ ಕಾಪಿ" ಅಂತ ಕಿರುಚಲಿಲ್ಲ. ಕೂತು ಅವರ ಪುಸ್ತಕಗಳನ್ನೇ ಓದಿದ. ಹಳೇ ಒಡಂಬಡಿಕೆಯಲ್ಲಿ ದಾನಿಯೇಲನ ಪುಸ್ತಕ ಅಂತ ಇದೆ. ಕ್ರಿ.ಪೂ. ಆರನೇ ಶತಮಾನದಲ್ಲಿ ಬಾಬಿಲೋನಿನಲ್ಲಿದ್ದ ಪ್ರವಾದಿ ಮುಂದೆ ಬರುವ ರಾಜ್ಯಗಳ ಭವಿಷ್ಯ ನುಡಿದದ್ದು ಅಂತ ಯಹೂದಿಗಳೂ ಕ್ರೈಸ್ತರೂ ನಂಬಿದ್ರು. ಪೋರ್ಫಿರಿ ಅದನ್ನ ಗ್ರೀಕ್ ಇತಿಹಾಸಕಾರರ ಪಕ್ಕ ಇಟ್ಟು ಒಂದೊಂದೇ ಸಾಲು ತಾಳೆ ನೋಡಿದ. ಕ್ರಿ.ಪೂ. ಎರಡನೇ ಶತಮಾನದ ನಾಲ್ಕನೇ ಆಂಟಿಯೋಕಸ್ ರಾಜನ ಕಾಲದವರೆಗೆ "ಭವಿಷ್ಯ" ಚಾಚೂ ತಪ್ಪದೆ ಸರಿಯಿದೆ, ಅಲ್ಲಿಂದ ಮುಂದಕ್ಕೆ ತಪ್ಪುತ್ತೆ. ಹಾಗಾದ್ರೆ ಇದು ಆರನೇ ಶತಮಾನದ್ದಲ್ಲ, ಆಂಟಿಯೋಕಸ್‌ನ ಕಾಲದಲ್ಲೇ ಕೂತು ಯಾರೋ ಬರೆದದ್ದು, ಅಂದ!

ನಮ್ಮ ಕೆಲಸದಲ್ಲಿ ಇದು ದಿನನಿತ್ಯದ ಪಾಡು. ಲಾಗ್ ಫೈಲಿನ ಮೇಲೆ ಯಾವ ತಾರೀಖು ಬರೆದಿದ್ದರೂ, ಒಳಗಿನ ಸಾಲುಗಳು ಎಲ್ಲಿಯವರೆಗೆ ವಾಸ್ತವಕ್ಕೆ ಹೊಂದುತ್ತವೆ ಅಂತ ನೋಡಿ ಅದು ನಿಜವಾಗಿ ಯಾವಾಗ ಬರೆದದ್ದು ಅಂತ ಹಿಡೀತೀವಲ್ಲ, ಅದೇ. ಕಂಪ್ಯೂಟರಿಲ್ಲ, ಸರ್ಚಿಲ್ಲ, ಸುರುಳಿ ಬಿಚ್ಚಿ ಬಿಚ್ಚಿ ಓದಬೇಕು. ಇವತ್ತು ವಿಶ್ವವಿದ್ಯಾಲಯಗಳ ಬೈಬಲ್ ವಿದ್ವಾಂಸರು ಹೆಚ್ಚು ಕಮ್ಮಿ ಎಲ್ಲರೂ ದಾನಿಯೇಲನ ಭವಿಷ್ಯದ ಭಾಗಕ್ಕೆ ಕ್ರಿ.ಪೂ. 160ರ ದಶಕದ ಆಸುಪಾಸಿನ ಕಾಲವನ್ನೇ ಕೊಡ್ತಾರೆ. ಸಾವಿರದ ಏಳುನೂರು ವರ್ಷದ ಹಿಂದೆ ಒಬ್ಬ ಪೇಗನ್ ಇದನ್ನ ಹೇಳಿಬಿಟ್ಟಿದ್ದ.

ಆ ಪುಸ್ತಕ ಇವತ್ತು ಎಲ್ಲಿದೆ? ಇಲ್ಲ. ಕಾನ್‌ಸ್ಟಂಟೈನ್ ಒಮ್ಮೆ ಅದನ್ನ ನಾಶ ಮಾಡಿ ಅಂದ. 448ರಲ್ಲಿ ಎರಡನೇ ಥಿಯೊಡೋಸಿಯಸ್ ಮತ್ತು ಮೂರನೇ ವ್ಯಾಲೆಂಟಿನಿಯನ್ ಸುಟ್ಟುಹಾಕಿ ಅಂತ ಕಾನೂನೇ ಮಾಡಿದ್ರು. ದಾನಿಯೇಲನ ಬಗ್ಗೆ ಪೋರ್ಫಿರಿ ಏನು ಹೇಳಿದ ಅಂತ ನಮಗೆ ಗೊತ್ತಾಗೋದು ಅವನ ವಿರೋಧಿ ಜೆರೋಮ್ ಉತ್ತರ ಬರೀತಾ ಅವನ ಮಾತನ್ನ ಅಲ್ಲಲ್ಲಿ ಎತ್ತಿ ಹೇಳಿದ್ದರಿಂದ.

ಅವನಿಗಿಂತ ನೂರು ವರ್ಷ ಹಿಂದಿನ ಸೆಲ್ಸಸ್‌ನದೂ ಅದೇ ಪಾಡು. ಅವನ ಪುಸ್ತಕ ಹೋಯ್ತು. ಎಪ್ಪತ್ತು ವರ್ಷ ಬಿಟ್ಟು, 248ರ ಹೊತ್ತಿಗೆ ಒರಿಜೆನ್ ಅನ್ನೋ ಕ್ರೈಸ್ತ ಪಂಡಿತ ಎಂಟು ಭಾಗದಲ್ಲಿ ಉತ್ತರ ಕೊಟ್ಟ. ಕೊಡುವಾಗ ಸೆಲ್ಸಸ್‌ನ ವಾಕ್ಯ ಬರೆದು ಕೆಳಗೆ ತನ್ನ ಉತ್ತರ ಬರೀತಾ ಹೋದ. ಮೂಲ ಮೇಲ್ ಡಿಲೀಟ್ ಆಗಿದೆ, ಯಾರೋ ಕೊಟ್ಟ ರಿಪ್ಲೈ ಕೆಳಗಿನ ಟ್ರೇಲಲ್ಲಿ ಅದು ಉಳಿದುಕೊಂಡಿದೆ, ಹಾಗೆ. ಅಲ್ಲಿ ಸೆಲ್ಸಸ್ ನೇಕಾರರು, ಚಮ್ಮಾರರು, ಅಗಸರು ಮನೆಯ ಮಕ್ಕಳನ್ನ ಪಕ್ಕಕ್ಕೆ ಕರೆದು ಅಪ್ಪನ ಮಾತು, ಮೇಷ್ಟ್ರ ಮಾತು ಕೇಳಬೇಡಿ, ನಾವು ಹೇಳೋದು ಕೇಳಿ ಅಂತಾರೆ ಅಂತ ಗೊಣಗ್ತಾನೆ. ಓದುವಾಗ ನನಗೆ ಸೆಲ್ಸಸ್‌ನ ತರ್ಕ ಇಷ್ಟವಾಗುತ್ತೆ, ಈ ಜಾಗಕ್ಕೆ ಬಂದ್ರೆ ಮಾತ್ರ ಕೈ ಆ ಚಮ್ಮಾರನ ಕಡೆ ಹೋಗುತ್ತೆ. ಅದು ಬೇರೆ ಮಾತು.

ಈಗ ಹೇಳಿ. ಇಂಥ ನಿಜವಾದ ತಲೆಗಳು, ಇಂಥ ನಿಜವಾದ ನಷ್ಟ ಕಣ್ಣೆದುರಿಗಿರುವಾಗ, ಅದನ್ನ ಬಿಟ್ಟು "ಹೋರಸ್‌ಗೂ ಶಿಲುಬೆ" ಅಂತ ಯಾರೋ ಹೆಣೆದ ಕಥೆ ಹಂಚಿದರೆ ಪೇಗನ್ನರಿಗೆ ಏನು ಸಹಾಯ ಮಾಡಿದ ಹಾಗಾಯ್ತು? ಎದುರು ಪಕ್ಷದವನು ಆ ಒಂದು ಸುಳ್ಳನ್ನ ಎರಡು ನಿಮಿಷದಲ್ಲಿ ಹೊಡೆದು ಹಾಕ್ತಾನೆ, ಅದರ ಜೊತೆ ಪೋರ್ಫಿರಿಯನ್ನೂ ಬಾಚಿ ಆಚೆ ಎಸೀತಾನೆ. 448ರಲ್ಲಿ ಬೆಂಕಿಗೆ ಹಾಕಿದವರ ಕೆಲಸವನ್ನ ನೀವೇ ಮುಂದುವರಿಸಿದ ಹಾಗೆ.

ಫಾರ್ವರ್ಡಿನ ಎರಡನೇ ಭಾಗ ಇನ್ನೂ ಒಂದಿದೆ. "ಪೇಗನ್ನರು ನಮ್ಮ ಹಾಗೇ ಸಹಿಷ್ಣುಗಳು, ಎಲ್ಲಾ ದೇವರೂ ಒಂದೇ ಅನ್ನೋರು". ಇದಕ್ಕೆ ಎಲ್ಲರೂ ಎತ್ತೋದು ಸಿಮ್ಮಾಕಸ್‌ನನ್ನ. ರೋಮಿನ ಸೆನೆಟ್ ಸಭಾಂಗಣದಲ್ಲಿ ವಿಜಯದೇವಿಯ ಬಲಿಪೀಠ ಇತ್ತು. 382ರಲ್ಲಿ ಗ್ರೇಷಿಯನ್ ಅದನ್ನ ತೆಗೆಸಿದ, ವೆಸ್ಟಾ ದೇವಿಯ ಕನ್ಯಾಪೂಜಾರಿಣಿಯರಿಗೆ ಬರ್ತಿದ್ದ ಸರ್ಕಾರಿ ಹಣವನ್ನೂ ನಿಲ್ಲಿಸಿದ. 384ರಲ್ಲಿ ನಗರಾಧಿಕಾರಿ ಸಿಮ್ಮಾಕಸ್ ಎರಡನ್ನೂ ವಾಪಸ್ ಕೊಡಿ ಅಂತ ಎರಡನೇ ವ್ಯಾಲೆಂಟಿನಿಯನ್‌ಗೆ ಮನವಿ ಬರೆದ. ಅಷ್ಟು ದೊಡ್ಡ ರಹಸ್ಯವನ್ನ ಮುಟ್ಟೋದಕ್ಕೆ ಒಂದೇ ದಾರಿ ಸಾಲದು ಅನ್ನೋ ಅವನ ವಾದ ಓದಿದಾಗ ನಮ್ಮ ಕಡೆಯವರಿಗೆಲ್ಲ ಮೈ ಝುಂ ಅನ್ನುತ್ತೆ. ನನಗೂ ಅಂದಿತ್ತು. ಮಿಲಾನಿನ ಬಿಷಪ್ ಆಂಬ್ರೋಸ್ ಏನು ಮಾಡಿದ? ಹದಿಮೂರರ ಆಸುಪಾಸಿನ ಆ ಹುಡುಗ ಚಕ್ರವರ್ತಿಗೆ, ಇದಕ್ಕೆ ಒಪ್ಪಿದರೆ ಚರ್ಚಿನಲ್ಲಿ ನಿನಗೆ ಜಾಗವಿರಲ್ಲ ಅಂತ ಬೆದರಿಸಿ ಪತ್ರ ಬರೆದ. ಮನವಿ ಬಿತ್ತು. ಇದರಲ್ಲಿ ನಾನು ನೂರಕ್ಕೆ ನೂರು ಸಿಮ್ಮಾಕಸ್ ಕಡೆ.

ಆದರೆ ಅದೇ ಸಿಮ್ಮಾಕಸ್‌ನ ಪತ್ರಗಳನ್ನ ಮುಂದಕ್ಕೆ ಓದಿ. 393ರಲ್ಲಿ ಮಗನ ಹೆಸರಲ್ಲಿ ರೋಮಿನಲ್ಲಿ ಆಟೋಟ ಏರ್ಪಡಿಸ್ತಾನೆ. ಅಖಾಡದಲ್ಲಿ ಕತ್ತಿ ಹಿಡಿದು ಸಾಯೋದಕ್ಕೆ ಅಂತ ಸ್ಯಾಕ್ಸನ್ ಕೈದಿಗಳನ್ನ ತರಿಸಿರ್ತಾನೆ. ಆಟಕ್ಕೆ ಮೊದಲು ಅವರಲ್ಲಿ ಇಪ್ಪತ್ತೊಂಬತ್ತು ಜನ ಹಗ್ಗವೂ ಇಲ್ಲದೆ ಬರೀ ಕೈಯಲ್ಲಿ ಕತ್ತು ಹಿಸುಕಿಕೊಂಡು ಸತ್ತುಹೋಗ್ತಾರೆ. ನಮ್ಮ ಸಹಿಷ್ಣುತೆಯ ಹೀರೋ ಅಯ್ಯೋ ಅಂತಾನಾ? ಇಲ್ಲ, ದುಡ್ಡು ದಂಡವಾಯ್ತು, ಇಂಥ ಕೆಟ್ಟ ಜನದ ಸಹವಾಸವೇ ಬೇಡ ಅನ್ನೋ ಧಾಟಿಯಲ್ಲಿ ಬರೀತಾನೆ. ದೇವರ ಬಗ್ಗೆ ನೂರು ದಾರಿ, ಸ್ಯಾಕ್ಸನ್ನನಿಗೆ ಒಂದೇ ದಾರಿ.

ಸಹಿಷ್ಣುತೆ ವಿಷಯಕ್ಕೇ ಬರೋದಾದ್ರೆ, 250ರ ಕಡತಗಳನ್ನ ನೋಡಿ. ಡೀಸಿಯಸ್ ಚಕ್ರವರ್ತಿ ಸಾಮ್ರಾಜ್ಯದಲ್ಲಿ ಎಲ್ಲರೂ ದೇವರಿಗೆ ಬಲಿ ಕೊಡಬೇಕು ಅಂತ ಆಜ್ಞೆ ಹೊರಡಿಸಿದ. ಸುಮ್ನೆ ಕೊಟ್ರೆ ಆಗಲ್ಲ, ಊರಿನ ಸಮಿತಿ ಎದುರು ಬಲಿ ಕೊಟ್ಟು, ಸುರೆ ಸುರಿದು, ಬಲಿಯ ಮಾಂಸ ತಿಂದು ಸರ್ಟಿಫಿಕೇಟ್ ತಗೋಬೇಕು. "ನಾನು ಯಾವಾಗಲೂ ದೇವರಿಗೆ ನಡೆದುಕೊಂಡವನು, ಈಗ ನಿಮ್ಮೆದುರೂ ನಡೆದುಕೊಂಡಿದ್ದೀನಿ, ರುಜು ಹಾಕಿ" ಅನ್ನೋ ಅರ್ಥದ ಅರ್ಜಿ. ಈಜಿಪ್ಟಿನ ಒಣ ಮರಳಿನಲ್ಲಿ ಇಂಥ ನಲವತ್ತಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. ಅದರಲ್ಲಿ ನನಗೆ ಅಚ್ಚುಮೆಚ್ಚು ಔರೇಲಿಯಾ ಅಮ್ಮೊನೂಸ್ ಅನ್ನೋಳ ಚೀಟಿ. ಯಾರು ಗೊತ್ತಾ ಈಕೆ? ಪೆಟೆಸೂಕಸ್ ಅನ್ನೋ ಮೊಸಳೆದೇವರ ಪೂಜಾರಿಣಿ! ಗುಡಿಯಲ್ಲಿ ಪೂಜೆ ಮಾಡೋಳೇ ಬಂದು "ನಾನು ದೇವರನ್ನ ನಂಬ್ತೀನಿ" ಅಂತ ಸರ್ಕಾರಕ್ಕೆ ಬರೆದುಕೊಡಬೇಕು. ನಮ್ಮ ಕಂಪನಿಗಳಲ್ಲಿ ಸೆಕ್ಯೂರಿಟಿ ಟ್ರೇನಿಂಗ್ ಕೊಡುವವನೂ ಅದೇ ಟ್ರೇನಿಂಗ್ ಮುಗಿಸಿ ಸರ್ಟಿಫಿಕೇಟ್ ಅಪ್ಲೋಡ್ ಮಾಡಬೇಕಲ್ಲ, ಅದೇ ತಮಾಷೆ :-) ಚೀಟಿ ಇಲ್ಲದವರಿಗೆ ಮಾತ್ರ ತಮಾಷೆ ಆಗಿರಲಿಲ್ಲ. ಜೈಲು, ಚಿತ್ರಹಿಂಸೆ, ಕೆಲವರಿಗೆ ಸಾವು. ಒರಿಜೆನ್ ಅಂದೆನಲ್ಲ, ಅವನನ್ನೂ ಆಗ ಹಿಡಿದು ಹಿಂಸಿಸಿದ್ರು.

303ರಲ್ಲಿ ಡಯೊಕ್ಲೀಷಿಯನ್ ಇನ್ನೂ ಮುಂದೆ ಹೋದ. ಚರ್ಚುಗಳನ್ನ ಕೆಡವಿ, ಪುಸ್ತಕಗಳನ್ನ ಸುಡಿ. ಹೌದು, ಪುಸ್ತಕ ಸುಡೋದನ್ನ ಪೇಗನ್ ಸರ್ಕಾರವೂ ಮಾಡಿತ್ತು. ಈಗಿನ ಅಲ್ಜೀರಿಯಾದ ಸಿರ್ತಾ ಅನ್ನೋ ಊರಲ್ಲಿ ಆ ವರ್ಷ ಮೇ 19ಕ್ಕೆ ನಡೆದ ಮಹಜರು ಹಾಗೇ ಉಳಿದಿದೆ, ಯಾಕಂದ್ರೆ 320ರಲ್ಲಿ ಬೇರೊಂದು ಕೇಸಿನ ವಿಚಾರಣೆಯಲ್ಲಿ ಅದನ್ನ ಓದಿ ಹೇಳಿದ್ರು. ಊರಿನ ಅಧಿಕಾರಿ ಫೆಲಿಕ್ಸ್ (ಅವನೇ ಊರಿನ ಪೇಗನ್ ಅರ್ಚಕನೂ ಕೂಡ) ಚರ್ಚಿಗೆ ಬಂದು ಸಾಮಾನಿನ ಪಟ್ಟಿ ಬರೆಸ್ತಾನೆ. ಎರಡು ಚಿನ್ನದ ಬಟ್ಟಲು, ಆರು ಬೆಳ್ಳಿ ಬಟ್ಟಲು, ದೀಪಗಳು.. ಆಮೇಲೆ ಹೆಂಗಸರ ಅಂಗಿ 82, ಮುಸುಕು 38, ಗಂಡಸರ ಅಂಗಿ 16, ಗಂಡಸರ ಚಪ್ಪಲಿ 13 ಜೊತೆ, ಹೆಂಗಸರ ಚಪ್ಪಲಿ 47 ಜೊತೆ. ಪುಸ್ತಕ ಎಲ್ಲಿ ಅಂದ್ರೆ, ಓದುವವರ ಮನೆಯಲ್ಲಿದೆ. ಮನೆ ಮನೆಗೆ ಹೋಗ್ತಾರೆ. ಒಬ್ಬ ಮನೆಯಲ್ಲಿಲ್ಲ, ಹೆಂಡತಿ ಆರು ಪುಸ್ತಕ ತಂದುಕೊಡ್ತಾಳೆ, ಇನ್ನೂ ಇದೆಯಾ ಅಂತ ಆಳು ಒಳಗೆ ನುಗ್ಗಿ ತಡಕಾಡ್ತಾನೆ.

ಆ 47 ಜೊತೆ ಚಪ್ಪಲಿ ನನ್ನ ತಲೆಯಿಂದ ಹೋಗೋದೇ ಇಲ್ಲ. ಬಡ ಹೆಂಗಸರಿಗೆ ಕೊಡೋಕೆ ಇಟ್ಟಿದ್ದು ಅಂತಲೇ ಹೆಚ್ಚಿನವರು ಓದ್ತಾರೆ. ರೋಮ್ ಯಾಕೆ ಕ್ರೈಸ್ತವಾಯ್ತು ಅನ್ನೋದಕ್ಕೆ ಮಿಥ್ರಾಸ್‌ನ ಹುಟ್ಟಿದ ದಿನ ಹುಡುಕೋದು ಬಿಟ್ಟು ಈ ಚಪ್ಪಲಿಗಳನ್ನ ಎಣಿಸಿದರೆ ಜಾಸ್ತಿ ಅರ್ಥ ಆಗುತ್ತೆ.

ಇದನ್ನ ಅರ್ಥ ಮಾಡಿಕೊಂಡವನು ಒಬ್ಬ ಪೇಗನ್ನನೇ. ಜೂಲಿಯನ್. ನಮ್ಮ ಬ್ಲಾಗ್ ಮಿತ್ರರ ಮೂರನೇ ಕಂತಿನ ನಾಯಕ, "ಘರ್ ವಾಪ್ಸಿ ಮಾಡಿದ ಚಕ್ರವರ್ತಿ" ಅಂತ ಬಿರುದು ಬೇರೆ ಕೊಟ್ಟಿದ್ದಾರೆ. ಕಾನ್‌ಸ್ಟಂಟೈನ್‌ನ ತಮ್ಮನ ಮಗ, ಕ್ರೈಸ್ತನಾಗಿ ಬೆಳೆದವನು, ಹಳೇ ದೇವರುಗಳಿಗೆ ಮರಳಿ 361ರಿಂದ 363ರವರೆಗೆ ಆಳಿದ. ನನಗೆ ಜೂಲಿಯನ್ ಅಂದ್ರೆ ಬಹಳ ಇಷ್ಟ. ಹೀರೋ ಅಂತಲ್ಲ, ಮನುಷ್ಯ ಅಂತ. ಈ "ಗೆಲಿಲಿಯದವರು" ತಮ್ಮ ಬಡವರ ಜೊತೆ ನಮ್ಮ ಬಡವರಿಗೂ ಅನ್ನ ಹಾಕ್ತಾರೆ, ನಾವು ಏನು ಮಾಡ್ತಿದ್ದೀವಿ ಅಂತ ಪೂಜಾರಿಗಳನ್ನ ಬೈಯುವ ಪತ್ರ ಅವನ ಹೆಸರಲ್ಲಿದೆ (ಅದು ಅವನದ್ದೇನಾ ಅಂತ ಅನುಮಾನ ಪಡುವ ವಿದ್ವಾಂಸರೂ ಇದ್ದಾರೆ).

ಆದರೆ ಘರ್ ವಾಪ್ಸಿ ಬಿರುದು ಕೊಡುವವರು ಅವನ ಪೂಜಾವಿಧಾನ ಏನಿತ್ತು ಅಂತ ಓದಿದ್ದಾರಾ? ಅವನ ಸೈನ್ಯದಲ್ಲೇ ಇದ್ದ, ಅವನನ್ನ ಮೆಚ್ಚಿದ್ದ, ಸ್ವತಃ ಪೇಗನ್ ಆಗಿದ್ದ ಇತಿಹಾಸಕಾರ ಅಮ್ಮಿಯಾನಸ್ ಬರೀತಾನೆ: ಒಂದೊಂದು ಸಲ ನೂರು ಎತ್ತುಗಳ ಬಲಿ. ಮಾಂಸ ತಿಂದು ಕುಡಿದ ಸೈನಿಕರನ್ನ ದಾರಿಹೋಕರ ಹೆಗಲ ಮೇಲೆ ಹೊರಿಸಿ ಬಿಡಾರಕ್ಕೆ ಸಾಗಿಸಬೇಕಾಗ್ತಿತ್ತು. ಪರ್ಷಿಯಾ ಯುದ್ಧದಿಂದ ಅವನು ಜೀವಸಹಿತ ಬಂದಿದ್ದರೆ ಸಾಮ್ರಾಜ್ಯದಲ್ಲಿ ದನಗಳೇ ಉಳಿಯುತ್ತಿರಲಿಲ್ಲ ಅಂತ ಜನ ಆಡಿಕೊಳ್ತಿದ್ರಂತೆ. ಈಗ ಹೇಳಿ, ನಿಮ್ಮ ಘರ್‌ಗೆ ಕರೀತೀರಾ? 362ರಲ್ಲಿ ಇದೇ ಜೂಲಿಯನ್, ಹೋಮರನ ದೇವರುಗಳನ್ನ ನಂಬದವನು ಹೋಮರನ ಪಾಠ ಮಾಡಬಾರದು ಅಂತ ಕ್ರೈಸ್ತ ಮೇಷ್ಟ್ರುಗಳನ್ನ ಕೆಲಸದಿಂದ ತೆಗೆಸಿದ. ಅಮ್ಮಿಯಾನಸ್ ಇದನ್ನೂ ಮುಚ್ಚಿಡಲಿಲ್ಲ, ಇದು ಕ್ರೂರ, ಮಾತೇ ಎತ್ತದಂತೆ ಹೂತುಹಾಕಬೇಕಾದ ಕೆಲಸ ಅಂದ. ತನ್ನ ಕಡೆಯವನ ತಪ್ಪನ್ನ ಬರೆಯೋದು ಹೇಗೆ ಅಂತ ಕಲಿಯೋಕಾದ್ರೂ ಅಮ್ಮಿಯಾನಸ್‌ನನ್ನ ಓದಬೇಕು.

ಜೂಲಿಯನ್ನನದೇ ಇನ್ನೊಂದು ಪ್ರಸಂಗ. ಆಂಟಿಯೋಕ್ ನಗರದ ಪಕ್ಕ ದಾಫ್ನೆ ಅನ್ನೋ ತೋಪಿನಲ್ಲಿ ಅಪೊಲೋ ದೇವರ ದೊಡ್ಡ ಗುಡಿ. ವಾರ್ಷಿಕ ಜಾತ್ರೆ. ಚಕ್ರವರ್ತಿ ಓಡೋಡಿ ಬರ್ತಾನೆ, ಮೆರವಣಿಗೆ ಇರುತ್ತೆ, ಬಲಿ ಇರುತ್ತೆ, ಬಿಳಿ ಬಟ್ಟೆ ಹುಡುಗರ ಮೇಳ ಇರುತ್ತೆ ಅಂತ ಮನಸ್ಸಿನಲ್ಲೇ ಕಟ್ಟಿಕೊಂಡು. ಒಳಗೆ ಹೋದ್ರೆ ಏನೂ ಇಲ್ಲ, ಧೂಪವೂ ಇಲ್ಲ. ಬಹುಶಃ ಹೊರಗಡೆ ನನಗಾಗಿ ಕಾಯ್ತಿದ್ದಾರೇನೋ ಅಂದುಕೊಳ್ತಾನೆ. ಊರಿನವರು ಏನು ಕೊಟ್ಟಿದ್ದಾರೆ ಅಂತ ಕೇಳಿದ್ರೆ ಪೂಜಾರಿ ಹೇಳ್ತಾನೆ, ಊರಿನವರು ಏನೂ ಕೊಟ್ಟಿಲ್ಲ, ನಾನೇ ಮನೆಯಿಂದ ಒಂದು ಬಾತುಕೋಳಿ ತಂದಿದ್ದೀನಿ ಅಂತ. ಇದನ್ನ ಬರೆದಿಟ್ಟವನು ಜೂಲಿಯನ್ನನೇ, 363ರಲ್ಲಿ, ತನ್ನ ಗಡ್ಡವನ್ನೇ ಗೇಲಿ ಮಾಡಿಕೊಂಡು ಆ ಊರಿನವರನ್ನ ಬೈದು ಬರೆದ ಪುಸ್ತಕದಲ್ಲಿ.

ಹಾಗಂತ "ನೋಡಿದ್ರಾ, ಗುಡಿಗಳು ತಾವಾಗೇ ಬಿಕೋ ಅಂದವು, ಯಾರೂ ಒಡೀಲಿಲ್ಲ" ಅನ್ನೋ ಇನ್ನೊಂದು ಗುಂಪು ಕುಣಿಯೋದು ಬೇಡ. ಅವರ ಜೊತೆಗೂ ಲೆಕ್ಕ ಇದೆ. 386ರ ಸುಮಾರಿಗೆ ಅದೇ ಆಂಟಿಯೋಕಿನ ಲಿಬೇನಿಯಸ್ ಅನ್ನೋ ಮುದಿ ಮೇಷ್ಟ್ರು ಥಿಯೊಡೋಸಿಯಸ್‌ಗೆ ಬರೆದ ಅಹವಾಲು ಓದಿ. ಕಪ್ಪು ಬಟ್ಟೆಯ ಸನ್ಯಾಸಿಗಳು (ಆನೆಗಿಂತ ಜಾಸ್ತಿ ತಿನ್ನೋರು ಅಂತ ಬೈತಾನೆ) ಕಲ್ಲು, ದೊಣ್ಣೆ, ಸಲಾಕೆ ಹಿಡಿದು ಹಳ್ಳಿ ಗುಡಿಗಳಿಗೆ ನುಗ್ಗಿ ಸೂರು ಕೀಳ್ತಾರೆ, ವಿಗ್ರಹ ಉರುಳಿಸ್ತಾರೆ, ಗುಡಿಯ ಜಮೀನು ಕಬಳಿಸ್ತಾರೆ ಅಂತ. ಹೆಂಡತಿ ಮಕ್ಕಳು, ಎತ್ತು, ಬಿತ್ತನೆ ಎಲ್ಲಕ್ಕೂ ರೈತ ನಂಬಿಕೊಂಡಿರೋದು ಆ ಗುಡಿಯನ್ನ, ಅದು ಹೋದರೆ ಅವನಿಗೆ ದುಡಿಯೋ ಮನಸ್ಸೂ ಹೋಗುತ್ತೆ ಅಂತ ವಿವರಿಸ್ತಾನೆ. ತಾವಾಗೇ ಬಿಕೋ ಅನ್ನುವ ಗುಡಿಗೆ ಸಲಾಕೆ ಯಾಕೆ ಬೇಕು? 391ರ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಸೆರಾಪಿಯಂ ಬಿತ್ತು. ಆ ವಿಗ್ರಹವನ್ನ ಮುಟ್ಟಿದರೆ ಭೂಮಿ ಬಾಯಿ ಬಿಡುತ್ತೆ ಅಂತ ಜನ ಹೆದರಿದ್ರು, ಸೈನಿಕನೊಬ್ಬ ಕೊಡಲಿಯಿಂದ ಸೆರಾಪಿಸ್ ದೇವರ ದವಡೆಗೆ ಹೊಡೆದ, ಏನೂ ಆಗಲಿಲ್ಲ. ಕ್ರೈಸ್ತ ಲೇಖಕರು ಇದನ್ನ ಚಪ್ಪರಿಸಿಕೊಂಡು ಬರೀತಾರೆ. 391, 392ರಲ್ಲಿ ಬಲಿಯನ್ನೂ ಗುಡಿಗೆ ಹೋಗೋದನ್ನೂ, ಕೊನೆಗೆ ಮನೆದೇವರಿಗೆ ದೀಪ, ಧೂಪ, ಹೂವಿನ ಹಾರ ಇಡೋದನ್ನೂ ನಿಷೇಧಿಸಿದ ಕಾನೂನುಗಳು ಬಂದವು. ಅವನ್ನ ಎಲ್ಲ ಕಡೆ ಒಂದೇ ಥರ ಜಾರಿ ಮಾಡಲಿಲ್ಲ, ಸರಿ. ಮನೆದೇವರ ಮುಂದೆ ಹೂವಿಡೋದು ಅಪರಾಧ ಅಂತ ಬರೆದದ್ದಂತೂ ನಿಜ ತಾನೇ?

ಹೈಪೇಷಿಯಾ ಬಗ್ಗೆ ಎರಡೇ ಮಾತು, ಯಾಕಂದ್ರೆ 2009ರ ಅಗೋರಾ ಸಿನಿಮಾ ನೋಡಿದವರೆಲ್ಲ ಅವಳ ಮೇಲೆ ಪೋಸ್ಟ್ ಹಾಕಿಯಾಗಿದೆ. 415ರಲ್ಲಿ ಕ್ರೈಸ್ತರ ಗುಂಪೊಂದು ಅವಳನ್ನ ಬರ್ಬರವಾಗಿ ಕೊಂದಿತು. ಹಿನ್ನೆಲೆ, ಬಿಷಪ್ ಸಿರಿಲ್‌ಗೂ ಪ್ರಾಂತಾಧಿಕಾರಿ ಒರೆಸ್ಟಿಸ್‌ಗೂ ಇದ್ದ ಅಧಿಕಾರದ ಜಗಳ. ಒರೆಸ್ಟಿಸ್ ಕೂಡ ಕ್ರೈಸ್ತನೇ. ಅವಳ ಅಚ್ಚುಮೆಚ್ಚಿನ ಶಿಷ್ಯ ಸಿನೇಸಿಯಸ್ ಬಿಷಪ್ ಆದವನು. ಇದು ಹೇಯ ಕೆಲಸ, ಕ್ರೈಸ್ತರಿಗೆ ಶೋಭಿಸೋದಲ್ಲ ಅಂತ ಬರೆದಿಟ್ಟ ಸಾಕ್ರೆಟಿಸ್ ಸ್ಕೊಲಾಸ್ಟಿಕಸ್ ಕೂಡ ಕ್ರೈಸ್ತ ಇತಿಹಾಸಕಾರ. ಇಷ್ಟು ಗೊತ್ತಾದ ಮೇಲೂ ಕೊಲೆ ಕೊಲೆಯೇ, ಒಂದು ಗ್ರಾಂ ಕಮ್ಮಿ ಆಗೋದಿಲ್ಲ. ಅವಳನ್ನ ಕೊಂದ ದಿನವೇ ಅಲೆಕ್ಸಾಂಡ್ರಿಯಾದ ಮಹಾ ಗ್ರಂಥಾಲಯ ಸುಟ್ಟರು ಅಂತ ಸೇರಿಸೋ ಅಗತ್ಯ ಏನಿದೆ? ಹಾಗೆ ಹೇಳುವ ಪ್ರಾಚೀನ ಲೇಖಕ ಯಾರೂ ಇಲ್ಲ.

"ನಮಗೂ ಇದಕ್ಕೂ ಏನು ಸಂಬಂಧ" ಅಂತ ಕೇಳುವ ಕನ್ನಡಿಗರಿಗೆ ಒಂದು ಕೊಸರು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನ ತಿಪ್ಪೆಯನ್ನ 1896-97ರಿಂದ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು ಅಗೆದ್ರು. ಅಲ್ಲೇ ಸಿಕ್ಕಿದ್ದು ಏಸುವಿನ ಮಾತುಗಳ ಹರಿದ ಹಾಳೆ, ಅದು ತೋಮನ ಸುವಾರ್ತೆಯದು ಅಂತ ಗೊತ್ತಾಗಿದ್ದು 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ಇಡೀ ಪುಸ್ತಕ ಸಿಕ್ಕಿದ ಮೇಲೆ. ಡೀಸಿಯಸ್‌ನ ಸರ್ಟಿಫಿಕೇಟುಗಳೂ ಅಲ್ಲಿ ಸಿಕ್ಕಿವೆ. ಅದೇ ತಿಪ್ಪೆಯಲ್ಲಿ ಒಂದು ಗ್ರೀಕ್ ಪ್ರಹಸನವೂ ಸಿಕ್ತು, 1903ರಲ್ಲಿ ಅಚ್ಚಾಯ್ತು. ಚಾರಿಷನ್ ಅನ್ನೋ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಂದು ದೇವಿಯ ಗುಡಿಯಲ್ಲಿ ಸಿಕ್ಕಿಕೊಂಡಿರ್ತಾಳೆ, ಅಣ್ಣ ಬಂದು ಅಲ್ಲಿನ ರಾಜನಿಗೆ ಕುಡಿಸಿ ಅವಳನ್ನ ಬಿಡಿಸಿಕೊಂಡು ಹೋಗ್ತಾನೆ. ರಾಜನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಜ್ ಬರೆದ. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದ್ರು. ಒಪ್ಪದವರು ಬಹಳ, ಜಗಳ ಇನ್ನೂ ಇದೆ. ನನಗೆ ಇಷ್ಟವಾಗೋದು ಅದರಲ್ಲಿ ಬರುವ ಒಂದು ಸಣ್ಣ ವಿಷಯ. ಓಡಿಹೋಗುವಾಗ ದೇವಿಯ ಕಾಣಿಕೆಯನ್ನೂ ಬಾಚಿಕೊಂಡು ಹೋಗೋಣ ಅಂತ ವಿದೂಷಕ ಅಂದ್ರೆ, ಪರದೇಶದ ಪರದೇವರ ಸೊತ್ತಾದರೂ ಚಾರಿಷನ್ ಬೇಡ ಅಂತಾಳೆ.

ಇನ್ನು ಕೊನೇ ಪೇಗನ್ನರು. 529ರಲ್ಲಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ತ್ವಶಾಸ್ತ್ರದ ಪಾಠ ನಿಲ್ಲಿಸಿದ. ಡಮಾಸಿಯಸ್ ಮತ್ತು ಅವನ ಜೊತೆ ಆರು ಜನ, ಒಟ್ಟು ಏಳು ತತ್ತ್ವಜ್ಞಾನಿಗಳು, ಪರ್ಷಿಯಾದ ಖುಸ್ರೋ ದೊರೆಯ ಆಸ್ಥಾನಕ್ಕೆ ಹೋದ್ರು. ಅಲ್ಲಿನ ರೀತಿ ನೀತಿ ನೋಡಿ ಬೇಜಾರಾಯ್ತು, ವಾಪಸ್ ಹೊರಟ್ರು. ಆದರೆ ಖುಸ್ರೋ 532ರ ಸಂಧಿಪತ್ರದಲ್ಲಿ ಅವರಿಗಾಗಿ ಒಂದು ಕಲಮು ಸೇರಿಸಿದ: ಇವರು ಊರಿಗೆ ಮರಳಲಿ, ಇವರ ನಂಬಿಕೆ ಬಿಡಿ ಅಂತ ಯಾರೂ ಬಲವಂತ ಮಾಡಬಾರದು. ಎರಡು ಮಹಾ ಸಾಮ್ರಾಜ್ಯಗಳ ಯುದ್ಧ ನಿಲ್ಲಿಸೋ ಕಾಗದದಲ್ಲಿ ಏಳು ಜನ ಮೇಷ್ಟ್ರುಗಳಿಗೆ ಒಂದು ಸಾಲು. ಡಮಾಸಿಯಸ್ ಸಿರಿಯಾ ಕಡೆ ಬಂದಿದ್ದಿರಬೇಕು. ಎಮೆಸಾ ಊರಲ್ಲಿ 538ರ ತಾರೀಖಿರುವ ಒಂದು ಸಮಾಧಿ ಕಲ್ಲು ಸಿಕ್ಕಿದೆ, ಅದರ ಮೇಲಿರೋದು ಅವನ ಹೆಸರಿನಲ್ಲೇ ಉಳಿದುಬಂದಿರುವ ಪದ್ಯ. ಜೋಸಿಮೆ ಅನ್ನೋ ದಾಸಿಯೊಬ್ಬಳಿಗಾಗಿ ಬರೆದದ್ದು.

ಜೂಲಿಯನ್ನನ ಗಡ್ಡದ ಪುಸ್ತಕ, ಲಿಬೇನಿಯಸ್‌ನ ಅಹವಾಲು, ಒರಿಜೆನ್ ಬಾಯಲ್ಲಿ ಬರುವ ಸೆಲ್ಸಸ್ ಎಲ್ಲವೂ ಇಂಗ್ಲಿಷ್ ಅನುವಾದದಲ್ಲಿ ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಫಾರ್ವರ್ಡ್ ಕಳಿಸೋ ಹೊತ್ತಲ್ಲಿ ಡೌನ್‌ಲೋಡ್ ಆಗುತ್ತವೆ. ಸಿರ್ತಾದ ಮಹಜರನ್ನ ಪೂರ್ತಿಯಾಗಿ ಕನ್ನಡಕ್ಕೆ ಮಾಡ್ತಿದ್ದೀನಿ, ಅರ್ಧ ಆಗಿದೆ, ಮುಂದಿನ ಪೋಸ್ಟಲ್ಲಿ ಹಾಕ್ತೀನಿ. ಲ್ಯಾಟಿನ್ ಬಲ್ಲವರು ಯಾರಾದ್ರೂ ಇದ್ರೆ ದಯವಿಟ್ಟು ಮೇಲ್ ಮಾಡಿ, ಆ ಬಟ್ಟೆಗಳ ಹೆಸರುಗಳಿಗೆ ಸರಿಯಾದ ಕನ್ನಡ ಪದ ಸಿಗದೆ ಒದ್ದಾಡ್ತಿದ್ದೀನಿ.